ಮೆಟ್ಟಿಲಿಗೆ ಹಾಕಿದ ಸ್ಕ್ರೂ

ನಿವೃತ್ತಿಯಾದ ಮರುವರ್ಷ ಒಂದು ಇಂಜಿನಿಯರಿಂಗ್ ಕಾಲೇಜಿನವರು ನನ್ನನ್ನು ಭಾಷಣಕ್ಕೆ ಕರೆದಿದ್ದರು. ಮೈಕ್ರೋವೇವ್ ಕೆಲಸದಲ್ಲಿ ಇಷ್ಟು ವರ್ಷ ದುಡಿದ ಹೆಂಗಸು ಈ ಕಡೆ ಬೇರೆ ಸಿಗುವುದಿಲ್ಲ, ಮಕ್ಕಳಿಗೆ ಸ್ಫೂರ್ತಿ ಬರುವ ಹಾಗೆ ಮಾತಾಡಿ ಎಂದರು. ಯಾವ ವಿಷಯ ಎಂದು ಕೇಳಿದಾಗ, ಹಾಕಬಾರದ ಸ್ಕ್ರೂ ಹಾಕಿ ಆಸ್ಪತ್ರೆಯ ಯಂತ್ರ ನಿಲ್ಲಿಸಿದ ಕತೆ ಎಂದೆ. ಅಷ್ಟು ಕಹಿಯಾದದ್ದು ಬೇಡ ಮೇಡಂ, ಯಶಸ್ಸಿನ ಬಗ್ಗೆ ನಾಲ್ಕು ಮಾತು ಸಾಕು ಎಂದರು. ನಾನು ಹೋಗಲಿಲ್ಲ. ನನ್ನ ವೃತ್ತಿಯಿಂದ ಕಹಿಯನ್ನು ಸೋಸಿ ತೆಗೆದರೆ ಉಳಿಯುವುದು ಜಾಹೀರಾತು. ಅದನ್ನು ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಈ ಕೆಲಸಕ್ಕೆ ಬರುವ ಮಕ್ಕಳಿಗೆ ತಿಳಿಯಬೇಕಾದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಸಿಟ್ಟಿನಿಂದಲೇ ಬರೆಯುತ್ತಿದ್ದೇನೆ. ಕ್ಷಮೆ ಕೇಳುವುದಿಲ್ಲ.

ನನ್ನ ಹೆಸರು ಸಿಸಿಲಿಯಾ. ಹುಟ್ಟಿದ್ದು ಕಾಪುವಿನ ಹತ್ತಿರ. ಮನೆಯಲ್ಲಿ ಕೊಂಕಣಿ, ಅಂಗಳದಾಚೆ ತುಳು, ಶಾಲೆಯಲ್ಲಿ ಕನ್ನಡ. ಮದುವೆಯಾಗಿ ಬಂದದ್ದು ಅಲೆವೂರಿಗೆ. ಅಲ್ಲಿಂದ ಮಣಿಪಾಲಕ್ಕೆ ಬಸ್ಸಿನಲ್ಲಿ ಹೋಗಿ ಬಂದು ನನ್ನ ನೌಕರಿಯ ಅಷ್ಟೂ ವರ್ಷ ಕಳೆದೆ. ನಮ್ಮದು ಖಾಸಗಿ ಕಂಪನಿ. ರೇಡಾರಿಗೆ, ಉಪಗ್ರಹದ ಭೂಕೇಂದ್ರಗಳಿಗೆ, ಆಮೇಲಾಮೇಲೆ ಆಸ್ಪತ್ರೆಯ ಯಂತ್ರಗಳಿಗೆ ಬೇಕಾದ ವೇವ್‌ಗೈಡ್‌ಗಳನ್ನು ಮಾಡುತ್ತಿತ್ತು.

ವೇವ್‌ಗೈಡ್ ಎಂದರೆ ಆಯತಾಕಾರದ ಬಾಯಿಯ ಲೋಹದ ಕೊಳವೆ. ಮನೆಯ ವಿದ್ಯುತ್ತು ತಂತಿಯೊಳಗೆ ಹೋದ ಹಾಗಲ್ಲ, ಮೈಕ್ರೋವೇವ್ ಅಲೆಗಳು ಈ ಕೊಳವೆಯ ಪೊಳ್ಳಿನಲ್ಲಿ ಹೋಗುತ್ತವೆ. ಒಂದು ಎತ್ತರದ ಕೊಳವೆಗೆ ಇನ್ನೊಂದು ಗಿಡ್ಡ ಕೊಳವೆಯನ್ನು ಸುಮ್ಮನೆ ಜೋಡಿಸಿದರೆ, ಹೋಗುವ ಅಲೆಯ ಒಂದು ಪಾಲು ಆ ಸಂದಿನಲ್ಲಿ ಬಡಿದು ಹಿಂದಕ್ಕೆ ಬರುತ್ತದೆ. ಅದು ಬರಬಾರದು. ಹಾಗಾಗಿ ಎರಡರ ನಡುವೆ ಮೆಟ್ಟಿಲು ಕೊಡುತ್ತೇವೆ. ಪ್ರತಿ ಮೆಟ್ಟಿಲೂ ಸ್ವಲ್ಪ ಅಲೆಯನ್ನು ಹಿಂದೆ ಕಳಿಸಿಯೇ ಕಳಿಸುತ್ತದೆ. ಆದರೆ ಮೆಟ್ಟಿಲಿನ ಉದ್ದ ಕೊಳವೆಯೊಳಗಿನ ಅಲೆಯುದ್ದದ ಕಾಲುಭಾಗ ಇದ್ದರೆ, ಮುಂದಿನ ಮೆಟ್ಟಿಲಿನಿಂದ ಮರಳಿದ ಅಲೆ ಹಿಂದಿನದಕ್ಕೆ ತಲೆಕೆಳಗಾಗಿ ಬಂದು ಸೇರುತ್ತದೆ. ಎರಡೂ ಒಂದನ್ನೊಂದು ಅಳಿಸಿಹಾಕುತ್ತವೆ. ಎಷ್ಟು ಮೆಟ್ಟಿಲು, ಒಂದೊಂದು ಎಷ್ಟು ಎತ್ತರ, ಎಷ್ಟು ಉದ್ದ ಎಂದು ನಿರ್ಧರಿಸುವುದು ನನ್ನ ಕೆಲಸವಾಗಿತ್ತು. ಕೇಳಲಿಕ್ಕೆ ಸಣ್ಣ ವಿಷಯ. ನನ್ನ ಆಯುಷ್ಯ ಇದರಲ್ಲೇ ಹೋಯಿತು, ಅದಕ್ಕೆ ನನಗೆ ಬೇಸರವಿಲ್ಲ.

ಸೇರಿದಾಗ ಕಂಪನಿಯವರು ನನ್ನನ್ನು ನಕ್ಷೆ ಬರೆಯುವ ಕೋಣೆಯಲ್ಲಿ ಕೂರಿಸಬೇಕೆಂದಿದ್ದರು. ಹೆಂಗಸಿಗೆ ಲ್ಯಾಬು ಯಾಕೆ ಎಂದು ಮ್ಯಾನೇಜರರು ನನ್ನೆದುರೇ ಕೇಳಿದರು. ಲ್ಯಾಬಿನ ಮುಖ್ಯಸ್ಥರಾಗಿದ್ದವರು ಉಪಾಧ್ಯರು, ಉಡುಪಿಯ ಕಡಿಯಾಳಿಯವರು. ಅವರು ನನ್ನ ಪರವಾಗಿ ವಾದ ಮಾಡಿದರು ಎಂದುಕೊಳ್ಳಬೇಡಿ. ನನಗೆ ಒಂದು ಸೂಜಿಯಷ್ಟು ತೆಳ್ಳಗಿನ, ಅಳತೆಯ ಪ್ರೋಬನ್ನು ಹಿಡಿಯಲಿಕ್ಕೆ ಹೇಳಿ, ನನ್ನ ಬೆರಳುಗಳನ್ನೇ ನೋಡಿ, "ಕೈ ನಡುಗುದಿಲ್ಲ, ಇರಲಿ" ಎಂದರು. ಅಷ್ಟೇ ಅವರ ಸಂದರ್ಶನ.

ಆಗ ಅಳತೆಗೆ ಇದ್ದದ್ದು ಸ್ಲಾಟೆಡ್ ಲೈನ್. ಮೇಲ್ಮೈಯಲ್ಲಿ ಉದ್ದಕ್ಕೆ ಸೀಳು ಬಿಟ್ಟ ಒಂದು ವೇವ್‌ಗೈಡ್, ಆ ಸೀಳಿನಲ್ಲಿ ಜಾರುವ ಪ್ರೋಬ್, ಪಕ್ಕದಲ್ಲಿ ಮುಳ್ಳಿನ ಮೀಟರ್. ಪ್ರೋಬನ್ನು ನಿಧಾನಕ್ಕೆ ಜಾರಿಸಿದರೆ ಮುಳ್ಳು ಏರಿ ಇಳಿಯುತ್ತದೆ. ಏರಿಳಿತ ಹೆಚ್ಚಿದ್ದರೆ ಅಲೆ ಹಿಂದೆ ಬರುತ್ತಿದೆ ಎಂದರ್ಥ. ಒಂದೊಂದು ಆವರ್ತನಕ್ಕೂ ಹೀಗೆ ಜಾರಿಸಿ, ಬರೆದು, ವೃತ್ತದ ನಕ್ಷೆಯ ಮೇಲೆ ಪೆನ್ಸಿಲಿನಿಂದ ಗುರುತು ಹಾಕಬೇಕು. ಒಂದು ಮೆಟ್ಟಿಲಿನ ಅಳತೆ ಮುಗಿಯುವಾಗ ಊಟದ ಹೊತ್ತು ದಾಟಿರುತ್ತಿತ್ತು. ಉಪಾಧ್ಯರು ಹಿಂದೆ ನಿಂತು ನೋಡುತ್ತಿದ್ದರು. ಹೊಗಳಿದ್ದು ಒಂದು ಸಲವೂ ನೆನಪಿಲ್ಲ. ಓದಿದ ಸೂತ್ರಕ್ಕೆ ಅಳತೆ ಹೊಂದದಿದ್ದಾಗ ನಾವು ಮೀಟರನ್ನು ಬೈದರೆ ಅವರು ಮೀಟರಿನ ಮೇಲೆ ಕೈಯಿಟ್ಟು, "ಇದಕ್ಕೆ ಪರೀಕ್ಷೆ ಪಾಸಾಗಲಿಕ್ಕೆ ಇಲ್ಲ, ಸುಳ್ಳು ಹೇಳುವ ಅಗತ್ಯ ನಿಮಗೇ" ಎನ್ನುತ್ತಿದ್ದರು.

ಸೂತ್ರಕ್ಕೆ ಅಳತೆ ಯಾಕೆ ಹೊಂದುವುದಿಲ್ಲ ಎಂಬುದನ್ನು ನಾನು ಕಲಿತದ್ದು ಅವರಿಂದ. ಮೆಟ್ಟಿಲಿನ ಮೂಲೆಯಲ್ಲಿ ವಿದ್ಯುತ್ ಕ್ಷೇತ್ರ ಒತ್ತೊತ್ತಾಗಿ ಸೇರುತ್ತದೆ, ಅಲ್ಲೊಂದು ಪುಟ್ಟ ಕೆಪಾಸಿಟರ್ ಕೂತ ಹಾಗೆ. ಅದಕ್ಕೆ ತಕ್ಕಂತೆ ಮೆಟ್ಟಿಲಿನ ಉದ್ದವನ್ನು ಕೂದಲಷ್ಟು ಕಡಿಮೆ ಮಾಡಬೇಕು. ಲೋಹ ಕೊರೆಯುವ ಮಿಲ್ಲಿಂಗ್ ಯಂತ್ರದ ಕಟ್ಟರ್ ದುಂಡಗಿರುವುದರಿಂದ ಒಳಮೂಲೆ ಎಂದೂ ಚೂಪಾಗಿ ಬರುವುದಿಲ್ಲ. ಕಾಗದದಲ್ಲಿ ಮಾತ್ರ ಮೂಲೆ ಮೂಲೆಯಾಗಿರುತ್ತದೆ. ಇನ್ನು ಮೆಟ್ಟಿಲಿನ ಹೊರಅಂಚು ಚೂಪಾಗಿದ್ದರೆ, ಶಕ್ತಿ ಹೆಚ್ಚಿದಾಗ ಅಲ್ಲಿಂದ ಕಿಡಿ ಹಾರುತ್ತದೆ. ಅಂಚನ್ನು ದುಂಡಗೆ ಮಾಡಬೇಕು. ಇದಕ್ಕೆಲ್ಲ ಸಮಯ ಹಿಡಿಯುತ್ತದೆ. ಈ ವೃತ್ತಿಯಲ್ಲಿ ನಾನು ಮಾಡಿದ ಜಗಳಗಳೆಲ್ಲ ಕಡೆಗೆ ಈ ಸಮಯದ ಮೇಲೆಯೇ.

ಉಪಾಧ್ಯರಿಗೂ ಸಿಟ್ಟು ಬರುತ್ತಿತ್ತು. ಒಮ್ಮೆ ಸಮುದ್ರದಂಡೆಯ ರೇಡಾರ್ ಕೇಂದ್ರವೊಂದರಿಂದ ನಮ್ಮ ಮೆಟ್ಟಿಲಿನ ತುಂಡು ವಾಪಸು ಬಂತು. ಅಲೆ ವಿಪರೀತ ಹಿಂದೆ ಬರುತ್ತಿದೆ, ವಿನ್ಯಾಸ ತಪ್ಪಿದೆ ಎಂದು ಖಾರವಾಗಿ ಬರೆದಿದ್ದರು. ನಾವು ಲೆಕ್ಕವನ್ನು ಮತ್ತೆ ಮತ್ತೆ ಮಾಡಿದೆವು. ಉಪಾಧ್ಯರು ತುಂಡನ್ನು ಕಿಟಕಿಯ ಬೆಳಕಿಗೆ ಹಿಡಿದು ಒಳಗೆ ನೋಡಿ ನನ್ನ ಕೈಗೆ ಕೊಟ್ಟರು. ಎರಡನೇ ಮೆಟ್ಟಿಲಿನ ಮೇಲೆ ಕಣಜವೊಂದು ಮಣ್ಣಿನ ಗೂಡು ಕಟ್ಟಿತ್ತು. ಆ ಕೇಂದ್ರದ ಉಗ್ರಾಣದಲ್ಲಿ ಮಳೆಗಾಲವಿಡೀ ಬಾಯಿ ಮುಚ್ಚದೆ ಇಟ್ಟಿದ್ದರು. ಮುಚ್ಚಳ ನಾವೇ ಕೊಟ್ಟಿದ್ದೆವು, ಯಾರೋ ಅದನ್ನು ಚಹಾದ ಲೋಟದ ಅಡಿಗೆ ಇಟ್ಟುಕೊಂಡಿದ್ದರಂತೆ. ನಾನು ನಕ್ಕೆ. ಉಪಾಧ್ಯರು ನಗಲಿಲ್ಲ. ಆ ಕೇಂದ್ರ ದೋಣಿಗಳಿಗೆ ಹವಾಮಾನ ಹೇಳುವ ಕೇಂದ್ರ, ಅಷ್ಟು ದಿನ ಅದು ಕುರುಡಾಗಿತ್ತು, ಇದರಲ್ಲಿ ನಗುವಂಥದ್ದು ಎಂತ ಉಂಟು ಎಂದು ಕೇಳಿದರು. ನಾವು ಮಾಡುವ ತುಂಡಿನ ಇನ್ನೊಂದು ತುದಿಯಲ್ಲಿ ಮನುಷ್ಯರಿರುತ್ತಾರೆ ಎಂದು ನನಗೆ ಹೊಳೆದದ್ದು ಆವತ್ತು.

ಅವರು ನಿವೃತ್ತರಾದ ಮೇಲೆ ಈ ಅಳತೆಯನ್ನು ತಾನೇ ಮಾಡುವ ನೆಟ್‌ವರ್ಕ್ ಅನಲೈಸರ್ ಬಂತು, ಇಡೀ ಬೆಳಗಿನ ಕೆಲಸ ಒಂದು ಕ್ಷಣದ ಕೆಲಸವಾಯಿತು. ನಾನು ಬಹಳ ಸಂತೋಷಪಟ್ಟೆ. ಆಮೇಲೆ ಕಂಪ್ಯೂಟರಿನಲ್ಲೇ ಅಲೆಯನ್ನು ಹರಿಸಿ ತೋರಿಸುವ ಸಾಫ್ಟ್‌ವೇರ್ ಬಂತು. ಅದಕ್ಕೂ ಸಂತೋಷಪಟ್ಟೆ. ಹಳೆಯ ಉಪಕರಣಗಳ ಮೇಲೆ ನನಗೆ ವ್ಯಾಮೋಹವಿಲ್ಲ. ಸಾಫ್ಟ್‌ವೇರನ್ನು ಬೈಯುವ ಮುದುಕಿ ಎಂದು ನನ್ನನ್ನು ಬದಿಗೆ ಸರಿಸುವವರಿಗೆ ಹೇಳುತ್ತೇನೆ, ನಮ್ಮ ಕಂಪನಿಯಲ್ಲಿ ಅದನ್ನು ಮೊದಲು ಕಲಿತವಳು ನಾನು. ಆದರೆ ನೀವು ಚೂಪು ಮೂಲೆ ಬರೆದು ಕೊಟ್ಟರೆ ಅದು ಚೂಪು ಮೂಲೆಗೇ ಉತ್ತರ ಕೊಡುತ್ತದೆ. ಕಟ್ಟರಿನ ದುಂಡನ್ನು ನೀವು ಹೇಳದಿದ್ದರೆ ಅದಕ್ಕೆ ಗೊತ್ತಾಗುವುದಿಲ್ಲ. ಪರದೆಯ ಮೇಲೆ ಬಣ್ಣ ಚಂದ ಬಂತು ಎಂದು ಕೈ ಕುಲುಕಿಕೊಳ್ಳುವವರನ್ನು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ.

ಸುಧೀರ್ ಸರ್ ಅಂಥವರಲ್ಲಿ ಮೊದಲಿಗರು. ಬೆಂಗಳೂರಿನ ಕಚೇರಿಯಿಂದ ನಮಗೆ ತಾಂತ್ರಿಕ ಮುಖ್ಯಸ್ಥರಾಗಿ ಬಂದರು. ನನಗಿಂತ ಚಿಕ್ಕವರು, ಮಾತು ನಯ, ಎಲ್ಲರನ್ನೂ ಹೆಸರು ಹಿಡಿದು ವಿಚಾರಿಸುತ್ತಿದ್ದರು. ಬಂದ ಹೊಸದರಲ್ಲಿ ಎಲ್ಲರಿಗೂ ಇಷ್ಟವಾದರು, ನನಗೂ. ಉಪಾಧ್ಯರ ಒರಟುತನ ಉಂಡವರಿಗೆ ಆ ನಯ ಹಬ್ಬದೂಟದ ಹಾಗಿತ್ತು.

ಆ ಸಮಯಕ್ಕೆ ನಮಗೊಂದು ದೊಡ್ಡ ಕೆಲಸ ಬಂತು. ಕ್ಯಾನ್ಸರಿಗೆ ವಿಕಿರಣ ಕೊಡುವ ಯಂತ್ರವನ್ನು ದೇಶದಲ್ಲೇ ಮಾಡುತ್ತಿದ್ದ ಒಂದು ಸಂಸ್ಥೆ ಅದರ ವೇವ್‌ಗೈಡ್‌ಗಳನ್ನು ನಮ್ಮಿಂದ ಕೇಳಿತು. ಆ ಯಂತ್ರದೊಳಗೆ ಮೈಕ್ರೋವೇವ್ ಶಕ್ತಿ ಎಲೆಕ್ಟ್ರಾನುಗಳನ್ನು ಓಡಿಸುತ್ತದೆ. ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಕಡಿಮೆ ಹೊತ್ತಿನ ಒಂದೊಂದು ಹೊಡೆತದಲ್ಲಿ ಮೆಗಾವ್ಯಾಟ್ ಲೆಕ್ಕದ ಶಕ್ತಿ ಆ ಕೊಳವೆಯಲ್ಲಿ ಹಾಯುತ್ತದೆ. ಅದರಲ್ಲಿ ಎತ್ತರದ ಗೈಡಿನಿಂದ ಗಿಡ್ಡ ಗೈಡಿಗೆ ಇಳಿಯುವ ಒಂದು ಕಡೆ ಮೆಟ್ಟಿಲು ಬೇಕಿತ್ತು. ನಾನು ಮೂರು ಮೆಟ್ಟಿಲಿನ ವಿನ್ಯಾಸ ಮಾಡಿದೆ. ಅಂಚುಗಳೆಲ್ಲ ದುಂಡು. ಕಟ್ಟರಿನ ದುಂಡನ್ನೂ ಲೆಕ್ಕಕ್ಕೆ ಹಿಡಿದಿದ್ದೆ.

ಸುಧೀರ್ ಸರ್ ಅದನ್ನು ನೋಡಿ, ಉದ್ದ ಜಾಸ್ತಿಯಾಯಿತು, ಎರಡೇ ಮೆಟ್ಟಿಲು ಸಾಕು, ಅಂಚು ದುಂಡು ಮಾಡುವ ಕೆಲಸವೂ ಬೇಡ ಎಂದರು. ಮೊದಲ ಯಂತ್ರ ಕೂರುವ ಆಸ್ಪತ್ರೆಯಲ್ಲಿ ಉದ್ಘಾಟನೆಯ ದಿನ ನಿಗದಿಯಾಗಿಬಿಟ್ಟಿತ್ತು. ತಾವೇ ಕೂತು ಹೊಸ ವಿನ್ಯಾಸ ಮಾಡಿದರು. ಕಂಪ್ಯೂಟರ್ ಪರದೆಯಲ್ಲಿ, ಹಿಂದೆ ಬರುವ ಅಲೆಯನ್ನು ತೋರಿಸುವ ಗೆರೆ ಬಹಳ ಚಂದ ಬಂತು. ನಕ್ಷೆಯನ್ನು ಕಾರ್ಕಳದ ವರ್ಕ್‌ಶಾಪಿಗೆ ಕಳಿಸಿದರು.

ಆ ವರ್ಕ್‌ಶಾಪ್ ವಾಸು ಆಚಾರ್ಯರದ್ದು. ನಮ್ಮ ಮಿಲ್ಲಿಂಗ್ ಕೆಲಸದ ಹೆಚ್ಚಿನ ಪಾಲು ಅವರೇ ಮಾಡುತ್ತಿದ್ದರು. ಅಣ್ಣತಮ್ಮಂದಿರು, ನಾಲ್ಕಾರು ಕೆಲಸಗಾರರು, ಕಲ್ಲುಕೋರೆಯ ಲಾರಿಗಳು ಹಾಯುವ ರಸ್ತೆಯ ಬದಿಯಲ್ಲಿ ಒಂದು ತಗಡಿನ ಮಾಡು. ಧೂಳು ಒಳಗೆ ಬರಬಾರದೆಂದು ಬಾಗಿಲಿಗೆ ದಪ್ಪ ರಬ್ಬರಿನ ಪರದೆ ಹಾಕಿಸಿದ್ದರು. ಅಚ್ಚುಕಟ್ಟು ಮನುಷ್ಯ. ನಕ್ಷೆ ಕೈಸೇರಿದ ಮೇಲೆ ನನಗೆ ಫೋನ್ ಮಾಡಿ, ಈ ಸಲ ಅಂಚಿಗೆ ದುಂಡು ಬರೆಯಲಿಲ್ಲವಲ್ಲ, ಮರೆತದ್ದಾ ಎಂದು ಕೇಳಿದರು. ಮರೆತದ್ದಲ್ಲ, ಬೇಡ ಎಂದಿದ್ದಾರೆ ಎಂದೆ. ಅವರು ನಕ್ಷೆಯಲ್ಲಿದ್ದ ಹಾಗೆಯೇ ಮಾಡಿ ಕಳಿಸಿದರು. ಅವರು ಮಾಡಬೇಕಾದದ್ದು ಅದೇ.

ತುಂಡು ಬಂದ ಮೇಲೆ ಅನಲೈಸರಿಗೆ ಜೋಡಿಸಿದೆ. ಪರದೆಯ ಚಂದದ ಗೆರೆ ಇಲ್ಲಿ ಇರಲಿಲ್ಲ. ಒಳಮೂಲೆಯ ದುಂಡನ್ನು ಸುಧೀರ್ ಸರ್ ಲೆಕ್ಕಕ್ಕೆ ಹಿಡಿದೇ ಇರಲಿಲ್ಲ, ಅಲೆ ಬೇಕಾದದ್ದಕ್ಕಿಂತ ಬಹಳ ಹೆಚ್ಚು ಹಿಂದೆ ಬರುತ್ತಿತ್ತು. ಹೊಸದಾಗಿ ಮಾಡಿಸೋಣ ಎಂದೆ. ದಿನವಿಲ್ಲ, ಸ್ಕ್ರೂ ಹಾಕಿ ಎಂದರು.

ಸ್ಕ್ರೂ ಎಂದರೆ ಏನೆಂದು ಹೇಳಬೇಕು. ವೇವ್‌ಗೈಡಿನ ಗೋಡೆಗೆ ತೂತು ಕೊರೆದು ಒಂದು ಸ್ಕ್ರೂವನ್ನು ಒಳಗೆ ಇಳಿಸಿದರೆ ಅದೂ ಸ್ವಲ್ಪ ಅಲೆಯನ್ನು ಹಿಂದೆ ಕಳಿಸುತ್ತದೆ. ಮೆಟ್ಟಿಲು ಕಳಿಸುವ ಅಲೆಗೆ ಅದು ಎದುರಾಗುವ ಹಾಗೆ ತಿರುಗಿಸುತ್ತ ಹೋದರೆ ಒಂದು ಹಂತದಲ್ಲಿ ಎರಡೂ ಅಳಿಸಿಹೋಗಿ ಅಳತೆ ಸರಿಯಾಗಿ ಕಾಣುತ್ತದೆ. ಕಡಿಮೆ ಶಕ್ತಿಯ ಕೆಲಸಗಳಿಗೆ ನಾವೆಲ್ಲ ಇದನ್ನು ಮಾಡುತ್ತೇವೆ, ತಪ್ಪೇನಿಲ್ಲ. ಆದರೆ ಮೆಗಾವ್ಯಾಟ್ ಹಾಯುವ ಕೊಳವೆಯಲ್ಲಿ ಸ್ಕ್ರೂವಿನ ತುದಿ ಕಿಡಿಗೆ ಕರೆಕೊಟ್ಟ ಹಾಗೆ. ಅನಲೈಸರ್ ಕೊಡುವುದು ಅಳತೆಗೆ ಬೇಕಾದಷ್ಟು ಪುಡಿ ಶಕ್ತಿ, ಅದರಲ್ಲಿ ಈ ಅಪಾಯ ಕಾಣುವುದೇ ಇಲ್ಲ.

ನಾನಿದನ್ನು ಸುಧೀರ್ ಸರ್‌ಗೆ ಅವರ ಕೋಣೆಯಲ್ಲಿ ಕೂತು ವಿವರಿಸಿದೆ. ಅವರು ಗಮನವಿಟ್ಟು ಕೇಳಿದರು. ಕೇಳುವುದರಲ್ಲಿ ಅವರು ಯಾವಾಗಲೂ ಮುಂದು. ಆಮೇಲೆ ಲ್ಯಾಬಿನ ಹುಡುಗರಿಂದಲೇ ಸ್ಕ್ರೂ ಹಾಕಿಸಿದರು, ಅಳತೆ ಸರಿ ಬಂತು. ಹೊರಊರಿನ ಪರೀಕ್ಷಾ ಕೇಂದ್ರಕ್ಕೆ ಕಳಿಸಿ ಪೂರ್ತಿ ಶಕ್ತಿಯಲ್ಲಿ ಪರೀಕ್ಷೆ ಮಾಡಿಸದೆ ಇದನ್ನು ಕೊಡುವುದು ಬೇಡ ಎಂದು ಮತ್ತೆ ಹೋಗಿ ಹೇಳಿದೆ.

"ಆಸ್ಪತ್ರೇಲಿ ಹೇಗೂ ಫುಲ್ ಪವರ್ ಕೊಡ್ತಾರಲ್ಲ ಮೇಡಂ," ಎಂದರು. "ಅದೇ ಟೆಸ್ಟ್ ಅಂದ್ಕೊಳ್ಳಿ."

ಈ ಮಾತನ್ನು ಅವರು ನಗುನಗುತ್ತಲೇ ಹೇಳಿದರು. ಎದುರಿಗೆ ಒಂದು ತಟ್ಟೆ ಗೋಡಂಬಿ ಇತ್ತು, ನನ್ನ ಕಡೆಗೆ ಸರಿಸಿದರು. ನಾನು ಪರೀಕ್ಷಾ ಪ್ರಮಾಣಪತ್ರಕ್ಕೆ ಸಹಿ ಹಾಕಲಾರೆ ಎಂದೆ. ಬೇಡ, ಬಿಡಿ, ನಿಮಗೆ ಒತ್ತಡ ಬೇಡ ಎಂದರು. ಸಹಿಯನ್ನು ಅವರೇ ಹಾಕಿದರು. ತುಂಡು ಹೋಯಿತು. ಉದ್ಘಾಟನೆಯಾಯಿತು. ರಿಬ್ಬನ್ ಕತ್ತರಿಸುವ ಫೋಟೋದಲ್ಲಿ ಸುಧೀರ್ ಸರ್ ಎರಡನೇ ಸಾಲಿನಲ್ಲಿ ನಿಂತಿದ್ದರು.

ಆಸ್ಪತ್ರೆ ಸಣ್ಣದು, ಒಂದು ಟ್ರಸ್ಟಿನದ್ದು. ಈಗ ಮುಚ್ಚಿಹೋಗಿದೆ. ಕಾರ್ಕಳದ ಕಡೆಯವರೂ ಬಸ್ಸಿನಲ್ಲಿ ಬಂದು ಹೋಗುವಷ್ಟು ಹತ್ತಿರವಿತ್ತು. ಮೊದಲ ಕೆಲವು ತಿಂಗಳು ಯಂತ್ರ ನಡೆಯಿತು. ಆಮೇಲೆ ನಡುನಡುವೆ ನಿಲ್ಲತೊಡಗಿತು. ಕೊಳವೆಯಲ್ಲಿ ಕಿಡಿ ಹಾರಿದರೆ ಅಲೆಯೆಲ್ಲ ಹಿಂದಕ್ಕೆ ಬಡಿಯುತ್ತದೆ, ಯಂತ್ರ ತನ್ನನ್ನು ತಾನೇ ನಿಲ್ಲಿಸಿಕೊಳ್ಳುತ್ತದೆ. ರೋಗಿಯ ಮೈಗೆ ಅದರಿಂದ ತೊಂದರೆಯಿಲ್ಲ. ಆದರೆ ಆ ದಿನದ ಚಿಕಿತ್ಸೆ ತಪ್ಪುತ್ತದೆ. ಸುಧೀರ್ ಸರ್ ಮೊದಲು ಅಲೆ ಹುಟ್ಟಿಸುವ ಮ್ಯಾಗ್ನೆಟ್ರಾನ್ ಸರಿಯಿಲ್ಲ ಎಂದರು. ಅದನ್ನು ಬದಲಿಸಿದರು. ಆಮೇಲೆ ಆಸ್ಪತ್ರೆಯ ವಿದ್ಯುತ್ ಸರಿಯಿಲ್ಲ ಎಂದರು. ಆಮೇಲೆ, ಕಿಡಿ ತಡೆಯಲು ಕೊಳವೆಯೊಳಗೆ ತುಂಬುವ ಅನಿಲದ ಒತ್ತಡ ಸರಿಯಿಲ್ಲ ಎಂದರು. ಒಂದೊಂದು ಕಾರಣ ಹುಡುಕಿ ಮುಗಿಸಲಿಕ್ಕೆ ವಾರಗಟ್ಟಲೆ ಹೋಯಿತು. ಅಷ್ಟೂ ಸಲ ನಾನು ಸ್ಕ್ರೂ ತೆಗೆದು ನೋಡಿ ಎಂದು ಹೇಳಿದೆ. ಕಡೆಗೆ ಯಂತ್ರ ಪೂರ್ತಿ ನಿಂತ ಮೇಲೆ, ಬೈಗುಳ ತಿನ್ನಲಿಕ್ಕೆ ಒಬ್ಬರು ಬೇಕಾದಾಗ, ನೀವೇ ಹೋಗಿ ಬನ್ನಿ ಎಂದು ನನ್ನನ್ನು ಕಳಿಸಿದರು.

ಯಂತ್ರದ ಕೋಣೆಯ ಹೊರಗೆ ಬೆಂಚುಗಳಲ್ಲಿ ಜನ ಕೂತಿದ್ದರು. ಒಳಗಿನವರು ಬಂದು ಬಾಗಿಲು ತೆರೆಯುವವರೆಗೆ ನಾನೂ ಕೂತೆ. ಪಕ್ಕದಲ್ಲಿದ್ದ ಹೆಂಗಸು ನನ್ನನ್ನೂ ರೋಗಿ ಎಂದೇ ತಿಳಿದರು. ಅವರ ಹೆಸರು ಜಲಜ, ಕಾರ್ಕಳದ ಹತ್ತಿರದವರು. ಗಂಡ ಶೀನರಿಗೆ ಕಲ್ಲುಕೋರೆಯಲ್ಲಿ ಕೆಲಸ. ಗರ್ಭಕೋಶದ ಬಾಯಿಯ ಕ್ಯಾನ್ಸರ್, ಅರ್ಧ ಚಿಕಿತ್ಸೆ ಆಗಿತ್ತು. ನಾವು ಮಾತಾಡಿದ್ದು ತುಳುವಿನಲ್ಲಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ನಾಳೆ ಬನ್ನಿ ಅಂದ್ರು ಅಕ್ಕ. ನಿನ್ನೆಯೂ ಹಾಗೇ ಅಂದಿದ್ರು," ಎಂದರು. "ನಡುವೆ ಬಿಡ್ಲಿಕ್ಕಿಲ್ಲ ಅಂತ ಡಾಕ್ಟ್ರೇ ಹೇಳಿದ್ದು. ಈಗ ಅವ್ರೇ ಬಿಡಿಸ್ತಿದ್ದಾರೆ. ಮಿಷನ್ನಿಗೆ ಎಂತ ಆಗಿದೆ ಅಂತ ನಿಮಗೇನಾದ್ರೂ ಗೊತ್ತುಂಟಾ?"

ಗೊತ್ತುಂಟು ಎಂದೆ. ಒಳಗಿನ ಒಂದು ಕೊಳವೆ ಕೆಟ್ಟಿದೆ, ಅದನ್ನು ಮಾಡಿದ್ದು ನಾನು ಕೆಲಸ ಮಾಡುವ ಕಂಪನಿ ಎಂದೆ. ಅವರು ಬೈಯಬಹುದಿತ್ತು. ನನ್ನ ಸೀರೆ, ಕೈಚೀಲ, ಉಪಕರಣದ ಪೆಟ್ಟಿಗೆ ಎಲ್ಲವನ್ನೂ ಒಮ್ಮೆ ನೋಡಿದರು.

"ಹಾಗಾದ್ರೆ ಬೇಗ ಸರಿ ಮಾಡಿ ಕೊಡಿ," ಎಂದರು. ಅಂಗಡಿಯಲ್ಲಿ ಹೊಲಿಗೆಯವನಿಗೆ ಹೇಳುವ ಹಾಗೆ, ಅಷ್ಟೇ ಸಹಜವಾಗಿ.

ಒಳಗೆ ಹೋಗಿ ಕೊಳವೆಗಳನ್ನು ಜೋಡಿಸುವ ಫ್ಲ್ಯಾಂಜ್ ಬಿಚ್ಚಿದಾಗ ಸುಟ್ಟ ಲೋಹದ ವಾಸನೆ ಮೂಗಿಗೆ ಹೊಡೆಯಿತು. ಸ್ಕ್ರೂವಿನ ತುದಿ ಕರಗಿ ಗುಂಡಾಗಿತ್ತು. ಎದುರಿನ ಮೆಟ್ಟಿಲಿನ ಚೂಪು ಅಂಚಿನಲ್ಲಿ ಕಪ್ಪು ಗಾಯ. ಆಸ್ಪತ್ರೆಯ ಭೌತವಿಜ್ಞಾನಿ ಒಬ್ಬ ಸಣ್ಣ ವಯಸ್ಸಿನವರು, ಅಷ್ಟು ದಿನ ರೋಗಿಗಳ ಮುಖ ನೋಡಿ ನೋಡಿ ಸೋತಿದ್ದರು. ಈ ಸ್ಕ್ರೂ ಹೇಗೆ ಬಂತು ಇಲ್ಲಿಗೆ ಎಂದು ಕೇಳಿದರು. ಕಂಪನಿಯ ಮರ್ಯಾದೆ ಕಾಯುವ ಉತ್ತರಗಳು ನನಗೆ ಗೊತ್ತಿದ್ದವು. ಸಾಗಾಟದಲ್ಲಿ ಸಡಿಲವಾಗಿ ಒಳಗಿಳಿದಿರಬಹುದು, ತೇವದಿಂದ ಕಿಡಿ ಹಾರಿರಬಹುದು.

"ಹಾಕಿದ್ದು ನಮ್ಮವರೇ," ಎಂದೆ. "ಹಾಕಬಾರದು ಅಂತ ಗೊತ್ತಿದ್ದೇ ಹಾಕಿದ್ದು."

ಅವರು ನನ್ನನ್ನು ಬೈಯಲಿಲ್ಲ. ಒಂದು ಕುರ್ಚಿ ಎಳೆದು ಕೂತುಬಿಟ್ಟರು.

ಅಲ್ಲಿಂದಲೇ ಕಾರ್ಕಳಕ್ಕೆ ಫೋನ್ ಮಾಡಿದೆ. ನನ್ನ ಮೂರು ಮೆಟ್ಟಿಲಿನ ನಕ್ಷೆಯನ್ನು ಯಾರ ಅನುಮತಿಯೂ ಇಲ್ಲದೆ ವಾಸು ಆಚಾರ್ಯರಿಗೆ ಕಳಿಸಿದೆ. ಅವರು ಬೇರೆ ಕೆಲಸಗಳನ್ನೆಲ್ಲ ಬದಿಗಿಟ್ಟು ಅದನ್ನು ಮಾಡಿದರು. ನಾನೇ ಬಸ್ಸಿನಲ್ಲಿ ಹೋಗಿ ತುಂಡನ್ನು ಮಡಿಲಲ್ಲಿಟ್ಟುಕೊಂಡು ತಂದೆ. ಅನಲೈಸರಿನಲ್ಲಿ ಅಳೆದಾಗ ಸ್ಕ್ರೂ ಬೇಕಾಗಲಿಲ್ಲ. ಆದರೂ ಪೂರ್ತಿ ಶಕ್ತಿಯ ಪರೀಕ್ಷೆಗೆ ಕಳಿಸಲೇಬೇಕೆಂದು ಹಟ ಹಿಡಿದೆ. ಈ ಸಲ ಭೌತವಿಜ್ಞಾನಿಯೂ ಹಟ ಹಿಡಿದರು, ಸುಧೀರ್ ಸರ್ ಒಪ್ಪಬೇಕಾಯಿತು. ಪರೀಕ್ಷೆ ಮುಗಿದು, ತುಂಡು ಕೂತು, ಯಂತ್ರ ಮತ್ತೆ ನಡೆಯುವಾಗ ಜಲಜರಂಥವರು ಕಾದು ಕಾದು ಮಂಗಳೂರಿಗೋ ಮತ್ತೆಲ್ಲಿಗೋ ಹೋಗಿದ್ದರು. ಹೋಗಲು ಆಗದವರು ಮನೆಯಲ್ಲೇ ಉಳಿದಿದ್ದರು.

ಆ ಮೇಲೆ ಯಂತ್ರ ಆ ಕಾರಣಕ್ಕೆ ನಿಲ್ಲಲಿಲ್ಲ. ಸಿನಿಮಾದಲ್ಲಾದರೆ ಕತೆ ಇಲ್ಲಿಗೆ ಮುಗಿಯುತ್ತಿತ್ತು.

ಕಂಪನಿಯಲ್ಲಿ ಸಭೆ ಸೇರಿತು. ಮಾಲೀಕರು ಬಂದಿದ್ದರು. ಸುಧೀರ್ ಸರ್ ಪರದೆಯ ಮೇಲೆ ಚಿತ್ರಗಳನ್ನು ಹಾಕಿ, ತೊಂದರೆಯ ಮೂಲ ಕಾರ್ಕಳದ ವರ್ಕ್‌ಶಾಪಿನ ಕಳಪೆ ಮಿಲ್ಲಿಂಗ್ ಎಂದರು. ಅಳತೆ ತಪ್ಪಿ ಬಂದದ್ದರಿಂದಲೇ ಸ್ಕ್ರೂ ಹಾಕುವ ಅನಿವಾರ್ಯತೆ ಬಂತು ಎಂದರು. ಆ ಸುಟ್ಟ ತುಂಡು ನನ್ನ ಕೈಚೀಲದಲ್ಲಿತ್ತು. ಮೇಜಿನ ಮೇಲಿಟ್ಟೆ. ಪಕ್ಕದಲ್ಲಿ ಅವರದೇ ನಕ್ಷೆ ಇಟ್ಟೆ. ಇದರಲ್ಲಿ ಯಾವ ಅಳತೆ ತಪ್ಪಿದೆ, ಯಾರು ಬೇಕಾದರೂ ಈಗಲೇ ಅಳೆದು ತೋರಿಸಿ ಎಂದೆ. ಕ್ಯಾಲಿಪರ್ ಕೂಡ ತಂದಿದ್ದೆ. ಯಾರೂ ಮುಟ್ಟಲಿಲ್ಲ. ಅಲ್ಲಿದ್ದ ಅರ್ಧ ಜನಕ್ಕೆ ನಾನು ಅಳತೆ ಕಲಿಸಿದ್ದೆ. ಎಲ್ಲರೂ ತಮ್ಮ ತಮ್ಮ ಚಹಾದ ಕಪ್ಪನ್ನು ನೋಡುತ್ತಿದ್ದರು. ಮಾಲೀಕರು, ಆದದ್ದಾಯಿತು ಸಿಸಿಲಿಯಾ, ಇನ್ನು ಮುಂದಿನದ್ದು ನೋಡೋಣ ಎಂದರು. ಮುಂದಿನದ್ದು ಎಂದರೆ ಕಾರ್ಕಳದ ವರ್ಕ್‌ಶಾಪಿಗೆ ಕೆಲಸ ಕೊಡುವುದು ನಿಲ್ಲಿಸುವುದು.

ವಾಸು ಆಚಾರ್ಯರಿಗೆ ಇದನ್ನು ಬೇರೆಯವರು ಹೇಳುವುದು ಬೇಡವೆಂದು ನಾನೇ ಹೋದೆ. ಅವರು ರಬ್ಬರ್ ಪರದೆ ಸರಿಸಿ ಹೊರಗೆ ಬಂದರು. ಕೈಗೆ ಎಣ್ಣೆಯಾಗಿದೆ ಎಂದು ಬಟ್ಟೆಯಲ್ಲಿ ಒರೆಸಿಕೊಳ್ಳುತ್ತಲೇ ಕೇಳಿಸಿಕೊಂಡರು. ಒರೆಸಿ ಮುಗಿದ ಮೇಲೂ ಒರೆಸುತ್ತಿದ್ದರು.

"ಕೆಲಸ ಹೋದ್ರೆ ಹೋಗ್ಲಿ ಮೇಡಂ. ಕಲ್ಲು ಕೊಯ್ಯುವ ಮಿಷನ್ನಿನ ಬಿಡಿಭಾಗ ಮಾಡಿಯಾದ್ರೂ ಬದುಕ್ತೇವೆ," ಎಂದರು. "ಆದ್ರೆ ಕಳಪೆ ಅಂತ ಅಂದ್ರಲ್ಲ. ಅದನ್ನು ಎಲ್ಲಿಗೆ ಹೋಗಿ ಒರೆಸಿಕೊಳ್ಳುದು?"

ನನಗೆ ಗೊತ್ತಿದ್ದ ಬೇರೆ ಕಂಪನಿಗಳಿಗೆಲ್ಲ ಅವರ ಬಗ್ಗೆ ಹೇಳಿದೆ, ಹೈದರಾಬಾದಿನವರೊಬ್ಬರು ಸ್ವಲ್ಪ ಕೆಲಸ ಕೊಟ್ಟರು. ಆದರೆ ನಮ್ಮ ಊರಿನಲ್ಲಿ ಆ ಮಾತು ಹರಡಿಯಾಗಿತ್ತು. ತಮ್ಮಂದಿರು ಬೇರೆ ಕೆಲಸ ಹಿಡಿದರು. ಒಂದು ಯಂತ್ರ ಮಾರಿದರು.

ನನ್ನನ್ನು ಲ್ಯಾಬಿನಿಂದ ತೆಗೆದು ಹೊಸಬರ ತರಬೇತಿಗೆ ಹಾಕಿದರು. ಅದನ್ನೊಂದು ಗೌರವದ ಹಾಗೆ, ಹೂಗುಚ್ಛ ಕೊಟ್ಟು ಮಾಡಿದರು. ಅದೇ ಚಳಿಗಾಲದಲ್ಲಿ ಸುಧೀರ್ ಸರ್ ಒಂದು ಸಮ್ಮೇಳನದಲ್ಲಿ ಪ್ರಬಂಧ ಓದಿದರು. ವಿಷಯ, ಹೆಚ್ಚಿನ ಶಕ್ತಿಗೆ ತಕ್ಕ ಮೂರು ಮೆಟ್ಟಿಲಿನ ವಿನ್ಯಾಸ. ಚಿತ್ರ ನನ್ನದು, ಅಂಚಿನ ದುಂಡು ನನ್ನದು, ಕೊನೆಯ ಪುಟದ ಕೃತಜ್ಞತೆಯಲ್ಲಿ ಲ್ಯಾಬಿನ ಸಿಬ್ಬಂದಿಗೆ ಎಂದಷ್ಟೇ ಇತ್ತು. ಮಕ್ಕಳೇ, ಹೆಸರು ಹೋದದ್ದಕ್ಕೆ ನನಗೆ ಇಷ್ಟು ವರ್ಷ ಸಿಟ್ಟು ಉಳಿದದ್ದಲ್ಲ. ಹೆಸರು ಕದಿಯುವವರು ಪ್ರತಿ ಕಚೇರಿಯಲ್ಲೂ ಇರುತ್ತಾರೆ, ಅದನ್ನು ನುಂಗಿಕೊಳ್ಳುವುದು ನೀವೂ ಕಲಿಯುತ್ತೀರಿ. ನುಂಗಿಕೊಳ್ಳಬಾರದ್ದು ಬೇರೆ ಉಂಟು.

ಒಂದೆರಡು ಮಳೆಗಾಲ ಕಳೆದ ಮೇಲೆ ವಾಸು ಆಚಾರ್ಯರ ಮನೆಯ ಒಂದು ಸಮಾರಂಭಕ್ಕೆ ಕಾರ್ಕಳಕ್ಕೆ ಹೋಗಿದ್ದೆ. ಮರಳುವಾಗ ಬಸ್ ಸ್ಟ್ಯಾಂಡಿನಲ್ಲಿ ಒಬ್ಬರು ನನ್ನನ್ನೇ ನೋಡುತ್ತ ನಿಂತಿದ್ದರು. ಆಮೇಲೆ ಹತ್ತಿರ ಬಂದು, ನೀವು ಆ ಆಸ್ಪತ್ರೆಯ ಮಿಷನ್ ಸರಿ ಮಾಡಲಿಕ್ಕೆ ಬಂದವರಲ್ವಾ ಎಂದು ಕೇಳಿದರು. ಜಲಜರ ಗಂಡ ಶೀನ. ಆ ದಿನ ಅವರು ಹೆಂಡತಿಗೆ ಚಹಾ ತರಲು ಹೋಗಿದ್ದವರು ಮರಳಿ ಬರುವಾಗ ನಾನು ಒಳಗೆ ಹೋಗುವುದನ್ನು ಕಂಡಿದ್ದರಂತೆ.

ಜಲಜ ಹೇಗಿದ್ದಾರೆ ಎಂದು ಕೇಳಿದೆ. ತೀರಿಹೋದರು ಎಂದರು. ಮಂಗಳೂರಿನಲ್ಲಿ ಮತ್ತೆ ಚಿಕಿತ್ಸೆ ಶುರುಮಾಡಿದ್ದರು, ಆದರೆ ಗೆಡ್ಡೆ ಮತ್ತೆ ಬೆಳೆದಿತ್ತು. ನಡುವೆ ಬಿಟ್ಟದ್ದರಿಂದ ಹೀಗಾಯಿತಾ ಎಂದು ಇವರು ಡಾಕ್ಟರನ್ನು ಕೇಳಿದ್ದರು. ಇರಬಹುದು, ಇಲ್ಲದೆಯೂ ಇರಬಹುದು, ಖಂಡಿತವಾಗಿ ಹೇಳಲಾಗದು ಎಂದಿದ್ದರು ಡಾಕ್ಟರು. ಅವರು ಹೇಳಿದ್ದು ಸತ್ಯವೇ. ಯಾರಿಗೂ ಹೇಳಲಾಗದು. ನನ್ನನ್ನು ಸುಡುವುದು ಇದೇ. ಸುಧೀರ್ ಸರ್‌ನಂಥವರು ಆಯುಷ್ಯವಿಡೀ ಈ 'ಹೇಳಲಾಗದು' ಎನ್ನುವುದರ ನೆರಳಿನಲ್ಲಿ ತಣ್ಣಗೆ ಕೂತಿರುತ್ತಾರೆ. ಸೇತುವೆ ಬಿದ್ದರೆ ಕಾಣುತ್ತದೆ. ಒಂದು ಸ್ಕ್ರೂ ಕರಗಿ, ಒಂದು ಯಂತ್ರ ನಿಂತು, ಕಾರ್ಕಳದ ಒಬ್ಬ ಹೆಂಗಸು ಬೆಂಚಿನಿಂದೆದ್ದು ಮನೆಗೆ ಹೋದರೆ ಏನೂ ಬಿದ್ದ ಶಬ್ದವಾಗುವುದಿಲ್ಲ.

ಬಸ್ಸು ಬಂತು. ನಾನು ಹತ್ತುವ ಮೊದಲು ಶೀನ ನನಗೆ ಕೈಮುಗಿದರು. "ನೀವು ಬಂದು ಸರಿ ಮಾಡಿದ್ರಿ. ನಮ್ಮವಳಿಗೆ ಆಗ್ಲಿಲ್ಲ, ಬೇರೆಯವರಿಗಾದ್ರೂ ಆಯ್ತಲ್ಲ. ಅವಳು ನಿಮ್ಮನ್ನು ನೆನೆಸ್ತಿದ್ಲು," ಎಂದರು.

ಬಸ್ಸಿನಲ್ಲಿ ಬೈಲೂರು, ಹಿರಿಯಡಕ ಯಾವಾಗ ದಾಟಿತೋ ಗೊತ್ತಾಗಲಿಲ್ಲ. ಬೈದಿದ್ದರೆ ಹೇಗೋ ಹೊತ್ತುಕೊಳ್ಳುತ್ತಿದ್ದೆ. ನನಗೆ ಸಲ್ಲದ ಆ ಕೈಮುಗಿತವನ್ನು ಎಲ್ಲಿ ಇಳಿಸಬೇಕೆಂದು ತಿಳಿಯಲಿಲ್ಲ.

ಮರುದಿನ ಬೆಳಿಗ್ಗೆ ಕಂಪನಿಗೆ ಹೋದವಳು ನೇರ ಸುಧೀರ್ ಸರ್ ಕೋಣೆಗೆ ಹೋದೆ. ಬಾಗಿಲು ಹಾಕಲಿಲ್ಲ. ಅವರು ಎಂದಿನಂತೆ ಎದ್ದು ನಿಂತು, ಬನ್ನಿ ಮೇಡಂ, ಕೂತ್ಕೊಳ್ಳಿ ಎಂದರು. ನಾನು ಕೂರಲಿಲ್ಲ. ಕಾರ್ಕಳದ ಜಲಜ ತೀರಿಹೋದರು ಎಂದೆ.

ಅವರು ಹುಬ್ಬು ಗಂಟಿಕ್ಕಿ ನಿಜವಾಗಿಯೂ ನೆನಪು ಮಾಡಿಕೊಳ್ಳಲು ಪ್ರಯತ್ನಿಸಿದರು. "ಜಲಜ? ಯಾವ ಡಿಪಾರ್ಟ್‌ಮೆಂಟ್ ಅವ್ರು?" ಎಂದು ಕೇಳಿದರು.

ಹೊರಗೆ ಕೀಬೋರ್ಡುಗಳ ಸದ್ದು ನಿಂತಿತ್ತು. ಸಭೆಯಲ್ಲಿ ಚಹಾದ ಕಪ್ಪು ನೋಡುತ್ತಿದ್ದವರೆಲ್ಲ ಅಲ್ಲೇ ಕೂತಿದ್ದರು. ನಾನು ಅವರಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ, ಜಲಜ ಯಾರು, ಯಾವ ಊರಿನವರು, ಯಾವ ಬೆಂಚಿನ ಮೇಲೆ ಕೂತಿದ್ದರು, ಯಾವ ಸ್ಕ್ರೂ ತೆಗೆಯುವುದಕ್ಕಾಗಿ ಕಾಯುತ್ತಿದ್ದರು ಎಂದು ಮೊದಲಿನಿಂದ ಹೇಳಲು ಶುರುಮಾಡಿದೆ. ಸುಧೀರ್ ಸರ್ ಬಾಗಿಲು ಹಾಕಲು ಬಂದರು. ನಾನು ಬಾಗಿಲಿಗೆ ಅಡ್ಡ ನಿಂತೆ, ಮುಗಿಯುವವರೆಗೂ ಹೇಳಿದೆ.